ಮಂಗನ ಕಾಯಿಲೆ: ಬೇಲಿ ಮೈಯ ಹೊರಗೇ ಇರಲಿ

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಆರಂಭವಾಗುವ ಹೊತ್ತಿಗೆ ಮಲೆನಾಡಿನ ಹಲವು ಊರುಗಳಲ್ಲಿ ಒಂದು ಆತಂಕವೂ ತಲೆದೋರುತ್ತದೆ. ಕಾಡಿನಲ್ಲಿ ಮಂಗ ಸತ್ತುಬಿದ್ದ ಸುದ್ದಿ ಬಂದರೆ ಆ ಆತಂಕ ಇಮ್ಮಡಿಸುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಇದು ಹಳದಿ ಜ್ವರವಿರಬಹುದೇ ಎಂದು ಮೊದಲು ಶಂಕಿಸಲಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಇದು ಅದುವರೆಗೆ ಜಗತ್ತು ಅರಿಯದಿದ್ದ ವೈರಾಣು ಎಂದು ತಿಳಿಸಿದರು. ನಮ್ಮ ನಾಡಿನ ಕಾಡೊಂದರ ಹೆಸರು ಹೀಗೆ ವೈದ್ಯಶಾಸ್ತ್ರದ ಗ್ರಂಥಗಳನ್ನು ಸೇರಿತು.

ಈ ಕಾಯಿಲೆಯನ್ನು ನೇರವಾಗಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಏಕೆಂಬುದನ್ನು ತಿಳಿಯಲು ವೈರಾಣುವಿನ ಸ್ವರೂಪವನ್ನು ನಾವು ಸ್ವಲ್ಪ ಅರಿಯಬೇಕು.

ನಮ್ಮ ಜೀವಕೋಶದ ನಡುವೆ ಡಿಎನ್‌ಎ ಎಂಬ ಮೂಲ ಓಲೆ ಇದೆ. ದೇಹಕ್ಕೆ ಯಾವ ಪ್ರೋಟೀನ್ ಬೇಕೋ ಅದರ ಆದೇಶವು ಅಲ್ಲಿಂದ ಆರ್‌ಎನ್‌ಎ ಎಂಬ ಎಳೆಯ ರೂಪದಲ್ಲಿ ನಕಲಾಗಿ ಹೊರಬರುತ್ತದೆ. ರೈಬೋಸೋಮ್ ಎಂಬ ಅತಿ ಸೂಕ್ಷ್ಮ ಕಾರ್ಯಾಗಾರವು ಆ ಆದೇಶವನ್ನು ಓದಿ ಪ್ರೋಟೀನನ್ನು ತಯಾರಿಸುತ್ತದೆ. ಆದೇಶ ಯಾರದೆಂದು ಅದು ವಿಚಾರಿಸುವುದಿಲ್ಲ. ತನಗೆ ಓದಲು ಬರುವಂತಿದ್ದರೆ ಪಾಲಿಸಿಬಿಡುತ್ತದೆ.

ಧನಾತ್ಮಕ ಎಳೆಯ ಆರ್‌ಎನ್‌ಎ ವೈರಾಣುಗಳು ಈ ನಂಬಿಕೆಯನ್ನೇ ದುರುಪಯೋಗಪಡಿಸಿಕೊಳ್ಳುತ್ತವೆ. ಇವುಗಳ ಒಡಲಲ್ಲಿರುವ ಆರ್‌ಎನ್‌ಎ ನಮ್ಮ ಜೀವಕೋಶದ ಆದೇಶದಂತೆಯೇ ನೇರವಾಗಿ ಓದಿಸಿಕೊಳ್ಳುತ್ತದೆ. ಇನ್‌ಫ್ಲುಯೆಂಜಾ, ರೇಬಿಸ್ ಮೊದಲಾದ ವೈರಾಣುಗಳದು ಋಣಾತ್ಮಕ ಎಳೆ. ಅದನ್ನು ಮೊದಲು ತಿರುವಿ ಬರೆಯಬೇಕಾದ್ದರಿಂದ ಅವು ಬರೆಯುವ ಸಾಧನವನ್ನು ತಮ್ಮೊಡನೆ ಹೊತ್ತು ತರುತ್ತವೆ. ಧನಾತ್ಮಕ ಎಳೆಗೆ ಆ ಹೊರೆಯೂ ಇಲ್ಲ. 1956ರಲ್ಲಿ ಜರ್ಮನಿಯ ವಿಜ್ಞಾನಿಗಳು ತಂಬಾಕಿನ ಎಲೆಗೆ ರೋಗ ತರುವ ಇಂಥ ವೈರಾಣುವಿನ ಹೊದಿಕೆಯನ್ನು ತೆಗೆದು, ಬರಿಯ ಆರ್‌ಎನ್‌ಎಯನ್ನು ಎಲೆಗೆ ಸವರಿ ನೋಡಿದರು. ಅಷ್ಟರಿಂದಲೇ ಗಿಡ ರೋಗಕ್ಕೆ ತುತ್ತಾಯಿತು.

ಮಂಗನ ಕಾಯಿಲೆಯ ವೈರಾಣುವಿನ ಎಳೆಯಲ್ಲಿರುವುದು ಸುಮಾರು 11 ಸಾವಿರ ಅಕ್ಷರಗಳು ಮಾತ್ರ. ನಮ್ಮ ಜೀವಕೋಶವು ಅದನ್ನು ಓದಿ ಒಂದು ಉದ್ದನೆಯ ಪ್ರೋಟೀನ್ ಸರಪಣಿಯನ್ನು ಕಟ್ಟುತ್ತದೆ. ಅದು ತುಂಡಾಗಿ ಹತ್ತು ಪ್ರೋಟೀನ್‌ಗಳಾಗುತ್ತವೆ. ಅವುಗಳಲ್ಲೊಂದು ಮೂಲ ಎಳೆಯ ಪ್ರತಿಬಿಂಬವನ್ನು ಬರೆದು, ಆ ಪ್ರತಿಬಿಂಬದಿಂದ ಹೊಸ ಎಳೆಗಳನ್ನು ಒಂದರ ಹಿಂದೊಂದಾಗಿ ತೆಗೆಯುತ್ತದೆ. ಡೆಂಗ್ಯೂ, ಚಿಕೂನ್‌ಗುನ್ಯಾ, ಪೋಲಿಯೊ, ರುಬೆಲ್ಲಾ, ಕೋವಿಡ್, ಕಾಮಾಲೆ ತರುವ ಹೆಪಟೈಟಿಸ್ ಎ, ಸಿ ಮತ್ತು ಇ ಇವೆಲ್ಲವೂ ಇದೇ ದೊಡ್ಡ ಬಳಗದ ವೈರಾಣುಗಳಿಂದ ಬರುವ ರೋಗಗಳು.

ಆ್ಯಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಾಗಳ ಸ್ವಂತ ಅಂಗರಚನೆಯ ಮೇಲೆ ಎರಗುತ್ತವೆ. ವೈರಾಣುವಿಗೆ ಅಂಥ ರಚನೆಯೇ ಇಲ್ಲ. ಅದು ದುಡಿಸಿಕೊಳ್ಳುವುದು ನಮ್ಮ ಕಾರ್ಯಾಗಾರವನ್ನು. ಆ ಕಾರ್ಯಾಗಾರವನ್ನೇ ನಿಲ್ಲಿಸಿದರೆ ನಾವೂ ಉಳಿಯಲಾರೆವು. ಹಾಗೆಂದು ನಿರಾಶರಾಗಬೇಕಿಲ್ಲ. ಹೆಪಟೈಟಿಸ್ ಸಿ ವೈರಾಣುವಿನ ನಕಲು ಬರೆಯುವ ಪ್ರೋಟೀನನ್ನೇ ತಡೆಯುವ ಔಷಧಗಳು ಬಂದಿವೆ. ಲಸಿಕೆಯ ಬಲದಿಂದ ಭಾರತವು 2014ರಲ್ಲಿ ಪೋಲಿಯೊಮುಕ್ತ ಎಂಬ ಮಾನ್ಯತೆ ಪಡೆಯಿತು. ಮಂಗನ ಕಾಯಿಲೆಗೆ ಮಾತ್ರ ಅಂಥ ಔಷಧ ಬಂದಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಕಂಡು ಅದನ್ನು ನಿಲ್ಲಿಸಲಾಗಿದೆ. ಆದ್ದರಿಂದ ವೈರಾಣು ಮೈಯೊಳಗೆ ಬಾರದಂತೆ ತಡೆಯುವುದೇ ಸದ್ಯಕ್ಕೆ ನಮ್ಮ ಕೈಯಲ್ಲಿರುವ ದೊಡ್ಡ ಉಪಾಯ.

ಅದು ಬರುವ ದಾರಿ ಉಣುಗು. ಕಾಡಿನ ಇಲಿ, ಸುಂಡಿಲಿ ಮುಂತಾದ ಸಣ್ಣ ಪ್ರಾಣಿಗಳಲ್ಲೂ ಉಣುಗಿನಲ್ಲೂ ವೈರಾಣು ನೆಲೆಸಿರುತ್ತದೆ. ಸೋಂಕಿದ ಮಂಗ ಅಥವಾ ಮುಸಿಯ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿದು ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ನವೆಂಬರಿನಿಂದ ಮೇ ತಿಂಗಳವರೆಗೆ ಎಳೆಯ ಉಣುಗುಗಳ ಸಂಖ್ಯೆ ಹೆಚ್ಚು. ದರಕು ಗುಡಿಸಲು, ಸೊಪ್ಪು ಕಡಿಯಲು, ಸೌದೆ ತರಲು ಜನ ಕಾಡಿಗೆ ಹೋಗುವುದೂ ಆಗಲೇ. ರೋಗವು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದುದರಿಂದ ರೋಗಿಯನ್ನು ದೂರವಿಡುವುದು ಅಜ್ಞಾನ; ಅವರ ಆರೈಕೆಗೆ ಯಾರೂ ಅಂಜಬೇಕಿಲ್ಲ.

ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ನೀಡುವ ಡೆಪಾ ತೈಲವನ್ನು ಕೈಕಾಲುಗಳಿಗೆ ಸವರಿಕೊಳ್ಳಬೇಕು. ಮೈತುಂಬ ಬಟ್ಟೆ ಧರಿಸಬೇಕು. ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯನ್ನೆಲ್ಲ ಪರೀಕ್ಷಿಸಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಬೆರಳಿನಿಂದ ಹೊಸಕದೆ, ಚಿಮುಟದಿಂದ ಚರ್ಮದ ಬಳಿ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಮೇಯಲು ಹೋಗಿ ಬಂದ ದನಗಳ ಮೈಯನ್ನೂ ನೋಡಬೇಕು, ಏಕೆಂದರೆ ಉಣುಗು ಬೆಳೆಯುವುದು ಅವುಗಳ ರಕ್ತದಿಂದಲೂ ಹೌದು.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಥಟ್ಟನೆ ಜ್ವರ, ತೀವ್ರ ತಲೆನೋವು, ಮೈಕೈ ನೋವು, ವಾಂತಿ, ನಿಶ್ಶಕ್ತಿ ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಮೂಗು, ಒಸಡುಗಳಿಂದ ರಕ್ತ ಬರುತ್ತದೆ. ಕೆಲವರಿಗೆ ಜ್ವರ ಬಿಟ್ಟು ಗುಣವಾಯಿತೆನ್ನುವಾಗಲೇ ಅದು ಮರುಕಳಿಸಿ ನಡುಕ, ಮನಸ್ಸಿನ ಗೊಂದಲ ಉಂಟಾಗುತ್ತದೆ. ಸೋಂಕಿದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಬೇಗನೆ ಆಸ್ಪತ್ರೆ ಸೇರಿ, ದೇಹದ ನೀರಿನಂಶ ಕಾಯ್ದುಕೊಂಡು, ರಕ್ತಸ್ರಾವಕ್ಕೆ ಆರೈಕೆ ಪಡೆದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ಜ್ವರಕ್ಕೆಂದು ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿ ನುಂಗಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಇನ್ನೊಂದು ಮಾತನ್ನು ಭಕ್ತರಲ್ಲಿ ವಿಶೇಷವಾಗಿ ಅರಿಕೆ ಮಾಡಿಕೊಳ್ಳುತ್ತೇವೆ. ಸತ್ತ ಮಂಗಕ್ಕೆ ಹೂಮಾಲೆ ಹಾಕಿ, ಹೊತ್ತು ತಂದು ಮಣ್ಣು ಮಾಡುವ ರೂಢಿ ಹಲವು ಊರುಗಳಲ್ಲಿದೆ. ಅದರ ಹಿಂದಿನ ಕರುಣೆ ದೊಡ್ಡದು. ಆದರೆ ಹೊತ್ತವರ ಮೈಗೆ ಉಣುಗು ಹತ್ತುವ ಅಪಾಯವೂ ಅಷ್ಟೇ ದೊಡ್ಡದು. ಕಳೇಬರವನ್ನು ಮುಟ್ಟದೆ ಆರೋಗ್ಯ, ಪಶುಪಾಲನಾ ಅಥವಾ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿದರೆ, ಅವರು ಪರೀಕ್ಷೆಗೆ ಏರ್ಪಾಡು ಮಾಡಿ, ಸುತ್ತಲ ನೆಲಕ್ಕೆ ಕೀಟನಾಶಕ ಸಿಂಪಡಿಸುತ್ತಾರೆ. ಮಂಗವು ನಮ್ಮ ಶತ್ರುವಲ್ಲ, ನಮ್ಮಂತೆ ಅದೂ ರೋಗಕ್ಕೆ ಬಲಿಯಾದ ಜೀವ. ತಾನು ಸತ್ತು ನಮಗೆ ಮುನ್ಸೂಚನೆ ಕೊಡುತ್ತದೆ.

ಈ ಕಾಯಿಲೆ ಹೆಚ್ಚಾಗಿ ತಗಲುವುದು ಕಾಡನ್ನೇ ಕಾಯಕದ ನೆಲೆಯಾಗಿಸಿಕೊಂಡ ಬಡವರಿಗೆ. ಅವರಿಗೆ ಕಾಡಿಗೆ ಹೋಗಬೇಡಿ ಎನ್ನುವುದು ಸುಲಭ, ಉಣ್ಣಲು ದಾರಿ ತೋರುವುದು ಕಷ್ಟ. ದರಕಿಗೆ, ಸೊಪ್ಪಿಗೆ ಆಳುಗಳನ್ನು ಕಳುಹಿಸುವ ತೋಟದ ಒಡೆಯರು ಅವರ ಕೈಗೆ ಕತ್ತಿಯೊಡನೆ ತೈಲದ ಸೀಸೆಯನ್ನೂ ಕೊಡಲಿ; ಸಂಜೆ ಅವರ ಸ್ನಾನಕ್ಕೆ ಒಂದು ಹಂಡೆ ಬಿಸಿನೀರು ಕಾಯಿಸಿಡಲಿ. ಇದನ್ನೂ ನಾವು ದಾಸೋಹವೆಂದೇ ತಿಳಿಯುತ್ತೇವೆ.