ಗೆದ್ದವರೂ ಹೊರಟರು, ಸೋತವರೂ ಹೊರಟರು

2021ರ ಡಿಸೆಂಬರ್ 12ರಂದು ಅಬುಧಾಬಿಯ ಯಾಸ್ ಮರೀನಾ ಟ್ರ್ಯಾಕ್‌ನಲ್ಲಿ, ರೇಸ್‌ನ ಕಡೆಯ ಸುತ್ತಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಅವರನ್ನು ಹಿಂದಿಕ್ಕಿ ಮ್ಯಾಕ್ಸ್ ವರ್‌ಸ್ಟಾಪೆನ್ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಅವರ ರೆಡ್ ಬುಲ್ ಕಾರಿನಲ್ಲಿದ್ದದ್ದು ಹೊಂಡಾ ಎಂಜಿನ್. 1991ರಲ್ಲಿ ಐರ್ಟನ್ ಸೆನ್ನಾ ಗೆದ್ದ ಬಳಿಕ ಹೊಂಡಾ ಎಂಜಿನ್ ಹಾಕಿಕೊಂಡ ಚಾಲಕನೊಬ್ಬ ಮತ್ತೆ ಚಾಂಪಿಯನ್ ಆಗಲು ಮೂವತ್ತು ವರ್ಷ ಹಿಡಿದಿತ್ತು. ಆದರೆ ಆ ಗೆಲುವಿನ ದಿನವೇ ಹೊಂಡಾ ಅಧಿಕೃತವಾಗಿ ಫಾರ್ಮುಲಾ ಒನ್‌ಗೆ ವಿದಾಯ ಹೇಳಿದ ದಿನವೂ ಆಗಿತ್ತು. ಹೊರಡುವ ನಿರ್ಧಾರವನ್ನು ಕಂಪನಿ 2020ರ ಅಕ್ಟೋಬರ್‌ನಲ್ಲೇ ಪ್ರಕಟಿಸಿತ್ತು. 2050ರೊಳಗೆ ಇಂಗಾಲ ಹೊರಸೂಸುವಿಕೆಯನ್ನು ಸೊನ್ನೆಗಿಳಿಸುವ ಗುರಿಗಾಗಿ ಹಣವನ್ನೂ ಎಂಜಿನಿಯರುಗಳನ್ನೂ ಬೇರೆಡೆ ತೊಡಗಿಸಬೇಕಿದೆ ಎಂಬುದು ಅದು ಕೊಟ್ಟ ಕಾರಣ. ಇಷ್ಟು ವರ್ಷ ಬೆವರು ಸುರಿಸಿ ತುದಿ ಮುಟ್ಟಿದ ಹೊತ್ತಿಗೇ ಒಂದು ಕಂಪನಿ ಎದ್ದು ಹೊರಡುವುದೇಕೆ?

ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಸೋತು ಬೇಸತ್ತರು, ಇಲ್ಲವೇ ದುಡ್ಡು ಮುಗಿಯಿತು. ಎರಡರಲ್ಲೂ ಸ್ವಲ್ಪ ನಿಜವಿದೆ, ಆದರೆ ಎರಡೂ ಪೂರ್ತಿ ಕಥೆ ಹೇಳುವುದಿಲ್ಲ. ಸೋಲೇ ಕಾರಣವಾಗಿದ್ದರೆ 2013ರಿಂದ 2016ರವರೆಗೆ ಸತತ ನಾಲ್ಕು ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಗೆದ್ದ ಫೋಕ್ಸ್‌ವ್ಯಾಗನ್ ಮುಂದಿನ ವರ್ಷಕ್ಕೆಂದು ಸಿದ್ಧವಾಗಿದ್ದ ಹೊಸ ಕಾರನ್ನು ಬದಿಗಿಟ್ಟು ಹೊರಡುತ್ತಿರಲಿಲ್ಲ. 2015, 2016, 2017ರಲ್ಲಿ ಲೆ ಮಾನ್ ರೇಸ್ ಗೆದ್ದ ಪೋರ್ಷೆ ಅದೇ 2017ರ ಜುಲೈನಲ್ಲಿ ವಿದಾಯ ಪ್ರಕಟಿಸುತ್ತಿರಲಿಲ್ಲ. ಹಾಗೆಂದು ಗೆದ್ದವರು ಮಾತ್ರ ಹೋಗುತ್ತಾರೆಯೇ? ಬಿಡದಿಯ ಕಾರ್ಖಾನೆಯಿಂದಾಗಿ ನಮಗೆಲ್ಲ ಪರಿಚಿತವಾದ ಟೊಯೋಟಾ 2002ರಿಂದ 2009ರವರೆಗೆ ಎಂಟು ವರ್ಷ ಫಾರ್ಮುಲಾ ಒನ್‌ನಲ್ಲಿ ಅಪಾರ ಹಣ ಸುರಿದು, ಒಂದು ರೇಸನ್ನೂ ಗೆಲ್ಲದೆ ಮರಳಿತು. ಗೆಲುವು ಸೋಲುಗಳೆರಡರಿಂದಲೂ ಈ ನಿರ್ಗಮನಗಳನ್ನು ವಿವರಿಸಲಾಗದು ಎಂದಾದರೆ ಕಾರಣವನ್ನು ಟ್ರ್ಯಾಕ್‌ನ ಹೊರಗೆ ಹುಡುಕಬೇಕು. ರೇಸ್ ತಂಡಕ್ಕೆ ರೇಸೇ ಬದುಕು. ಕಾರು ಕಂಪನಿಗೆ ಅದೊಂದು ಸಾಧನ. ಹೆಸರು ಮಾಡಲು, ಹೊಸ ತಂತ್ರಜ್ಞಾನ ತೋರಿಸಲು, ಎಂಜಿನಿಯರುಗಳನ್ನು ಪಳಗಿಸಲು ಬೇಕಾದ ಸಾಧನ. ಅದರ ಅಗತ್ಯ ತೀರಿತೆಂದು ಆಡಳಿತ ಮಂಡಳಿಗೆ ಅನ್ನಿಸಿದ ದಿನ ಕಂಪನಿ ಹೊರಡುತ್ತದೆ. ಆ ದಿನ ತಂಡ ಅಂಕಪಟ್ಟಿಯಲ್ಲಿ ಎಲ್ಲಿದೆ ಎಂಬುದು ದೊಡ್ಡ ಮಾತಾಗುವುದಿಲ್ಲ.

ಇದು ಎಲ್ಲಕ್ಕಿಂತ ನಿಚ್ಚಳವಾಗಿ ಕಂಡದ್ದು 2008–09ರ ಆರ್ಥಿಕ ಕುಸಿತದ ಕಾಲದಲ್ಲಿ. 2008ರ ಡಿಸೆಂಬರ್‌ನಲ್ಲಿ ಹೊಂಡಾ, 2009ರ ಜುಲೈನಲ್ಲಿ ಬಿಎಂಡಬ್ಲ್ಯು, ನವೆಂಬರ್‌ನಲ್ಲಿ ಟೊಯೋಟಾ, ಹೀಗೆ ಒಂದು ವರ್ಷದೊಳಗೆ ಮೂರು ದೊಡ್ಡ ಕಂಪನಿಗಳು ಫಾರ್ಮುಲಾ ಒನ್ ಬಿಟ್ಟವು. ಏಳು ದಶಕಗಳಲ್ಲಿ ಮೊದಲ ಸಲ ಟೊಯೋಟಾ ತನ್ನ ವಹಿವಾಟಿನಲ್ಲಿ ನಷ್ಟ ಕಂಡಿದ್ದ ಹೊತ್ತು ಅದು. ಕಾರ್ಖಾನೆಗಳಲ್ಲಿ ಉತ್ಪಾದನೆ ತಗ್ಗಿಸಿ, ಕಾರ್ಮಿಕರನ್ನು ಮನೆಗೆ ಕಳಿಸುತ್ತಿರುವಾಗ ರೇಸ್‌ಗೆ ನೂರಾರು ಕೋಟಿ ಖರ್ಚು ಮಾಡುವುದನ್ನು ಯಾವ ಅಧ್ಯಕ್ಷನೂ ಸಮರ್ಥಿಸಿಕೊಳ್ಳಲಾರ. ಸಮಸ್ಯೆಯ ಬೇರು ಇಲ್ಲೇ ಇದೆ. ಕಂಪನಿ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುತ್ತದೆ; ಒಂದು ರೇಸ್ ತಂಡ ಕಟ್ಟಿ ಗೆಲ್ಲುವ ಮಟ್ಟಕ್ಕೆ ತರಲು ಐದಾರು ವರ್ಷವಾದರೂ ಬೇಕು. ಈ ಎರಡು ಲೆಕ್ಕಗಳು ತಾಳೆಯಾಗುವುದು ಅಪರೂಪ.

ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೊಂಡಾ ತಂಡದ ಕಥೆಯೇ ಸಾಕ್ಷಿ. 2008ರ ಋತುವನ್ನು ಬಹುಮಟ್ಟಿಗೆ ಕೈಬಿಟ್ಟು, ಹೊಸ ನಿಯಮಗಳು ಜಾರಿಯಾಗಲಿದ್ದ 2009ರ ಕಾರಿನ ಮೇಲೆ ತಂಡ ತಿಂಗಳುಗಟ್ಟಲೆ ದುಡಿದಿತ್ತು. ಆ ಕಾರು ಟ್ರ್ಯಾಕ್‌ಗೆ ಇಳಿಯುವ ಮೊದಲೇ ಕಂಪನಿ ಹೊರಟುಹೋಯಿತು. ತಂಡವನ್ನು ಮುನ್ನಡೆಸುತ್ತಿದ್ದ ರಾಸ್ ಬ್ರಾನ್ ಮತ್ತು ಸಂಗಡಿಗರು ಅದನ್ನು ಕೇವಲ ಒಂದು ಪೌಂಡ್‌ಗೆ ಕೊಂಡರು. ಮರ್ಸಿಡಿಸ್ ಎಂಜಿನ್ ಕೂರಿಸಿಕೊಂಡ ಆ ಕಾರು 2009ರಲ್ಲಿ ಜೆನ್ಸನ್ ಬಟನ್ ಅವರನ್ನು ವಿಶ್ವ ಚಾಂಪಿಯನ್ ಮಾಡಿತು, ತಂಡಗಳ ಪ್ರಶಸ್ತಿಯನ್ನೂ ಗೆದ್ದಿತು. ವರ್ಷದ ಕೊನೆಗೆ ಮರ್ಸಿಡಿಸ್ ಆ ತಂಡವನ್ನು ಕೊಂಡಿತು; 2014ರಿಂದ 2021ರವರೆಗೆ ಸತತ ಎಂಟು ಸಲ ತಂಡಗಳ ಚಾಂಪಿಯನ್ ಆದದ್ದು ಇಂಗ್ಲೆಂಡಿನ ಬ್ರ್ಯಾಕ್ಲಿಯ ಅದೇ ಕಾರ್ಖಾನೆ. ಫೋರ್ಡ್ ಕಂಪನಿ 2004ರಲ್ಲಿ ಕೈಬಿಟ್ಟ ಜಾಗ್ವಾರ್ ತಂಡವೇ ಮುಂದೆ ರೆಡ್ ಬುಲ್ ಆಗಿ 2010ರಿಂದ 2013ರವರೆಗೆ ಪ್ರತಿ ವರ್ಷ ಚಾಂಪಿಯನ್ ಆಯಿತು. ಹೊರಡುವ ಗಳಿಗೆಯನ್ನು ರೇಸ್ ಬಲ್ಲವರು ನಿರ್ಧರಿಸಿದ್ದರೆ ಈ ಎರಡು ತಂಡಗಳನ್ನು ಯಾರೂ ಅಷ್ಟು ಅಗ್ಗಕ್ಕೆ ಬಿಟ್ಟುಕೊಡುತ್ತಿರಲಿಲ್ಲ.

ಇಲ್ಲೊಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಕಂಪನಿಯ ಹಣ ಷೇರುದಾರರದ್ದು, ಸಾವಿರಾರು ಕಾರ್ಮಿಕರ ಬದುಕು ಅದನ್ನು ನಂಬಿದೆ. ಕಷ್ಟಕಾಲದಲ್ಲಿ ರೇಸ್ ಬಿಡುವುದು ತಪ್ಪೇ? ಖಂಡಿತ ತಪ್ಪಲ್ಲ. 1955ರ ಲೆ ಮಾನ್ ದುರಂತದಲ್ಲಿ ಮರ್ಸಿಡಿಸ್ ಕಾರೊಂದು ಜನರ ನಡುವೆ ಸಿಡಿದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಆ ವರ್ಷದ ಕೊನೆಗೆ ಕಂಪನಿ ರೇಸ್‌ನಿಂದ ಹಿಂದೆ ಸರಿದಾಗ ಅದನ್ನು ಹಳಿಯಲು ಕಾರಣವಿರಲಿಲ್ಲ. ನನ್ನ ತಕರಾರು ಹೊರಡುವವರ ಮೇಲಲ್ಲ, ಅವರು ಎಂದೆಂದಿಗೂ ಇರುತ್ತಾರೆಂದು ನಂಬಿ ಇಡೀ ಕ್ರೀಡೆಯನ್ನು ಅವರ ಕೈಗಿಡುವ ವ್ಯವಸ್ಥೆಯ ಮೇಲೆ. ಕಾರು ಕಂಪನಿಗಳು ಈ ಕ್ರೀಡೆಗೆ ನೆಂಟರು. ಆದರದಿಂದ ಬರಮಾಡಿಕೊಳ್ಳೋಣ, ಮನೆಯ ಯಜಮಾನಿಕೆ ಮಾತ್ರ ಅವರಿಗೆ ಕೊಡಬಾರದು. 2009ರಲ್ಲಿ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎಯ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ವರ್ಷಕ್ಕೆ 4 ಕೋಟಿ ಪೌಂಡ್‌ಗಳ ವೆಚ್ಚ ಮಿತಿ ತರಲು ಹೊರಟಾಗ, ಬಿಎಂಡಬ್ಲ್ಯು ಮತ್ತು ಟೊಯೋಟಾ ಸೇರಿದಂತೆ ಎಂಟು ತಂಡಗಳು ಬೇರೆಯೇ ಸರಣಿ ಆರಂಭಿಸುವುದಾಗಿ ಬೆದರಿಸಿದವು. ಮೋಸ್ಲಿ ಅವರ ಯೋಜನೆಯಲ್ಲಿ ದೋಷಗಳಿದ್ದವು, ಅದು ಬಿದ್ದುಹೋಯಿತು. ಆದರೆ ಬಿಎಂಡಬ್ಲ್ಯು ಮುಂದಿನ ತಿಂಗಳೇ ಹೊರಟಿತು. 2012ರವರೆಗೆ ಇರುತ್ತೇನೆಂದು ಒಪ್ಪಿಕೊಂಡಿದ್ದ ಟೊಯೋಟಾ ವರ್ಷ ಮುಗಿಯುವ ಮುನ್ನ ಹೊರಟಿತು. ನಾಳೆ ಇರುವ ಖಾತರಿ ಇಲ್ಲದವರು ನಾಳಿನ ನಿಯಮಗಳನ್ನು ತಡೆಹಿಡಿದಿದ್ದರು.

ಎರಡನೆಯ ಆಕ್ಷೇಪ ತಂತ್ರಜ್ಞಾನದ್ದು. ರೇಸ್ ಟ್ರ್ಯಾಕ್ ಎಂದರೆ ಪ್ರಯೋಗಶಾಲೆ, ಅಲ್ಲಿ ಕಲಿತದ್ದು ನಾಳೆ ನಮ್ಮ ಕಾರಿಗೆ ಬರುತ್ತದೆ, ಆದ್ದರಿಂದ ಕಂಪನಿಗಳಿಗೆ ಇಲ್ಲಿ ಶಾಶ್ವತ ಕೆಲಸವಿದೆ ಎಂಬ ವಾದ. ಆದರೆ ಔಡಿಯ ದಾರಿಯನ್ನು ನೋಡಿ. 2006ರಲ್ಲಿ ಡೀಸೆಲ್ ಕಾರಿನಿಂದ ಲೆ ಮಾನ್ ಗೆದ್ದ ಮೊದಲ ಕಂಪನಿ ಅದು. ಅದರ ಮಾತೃಸಂಸ್ಥೆ ಫೋಕ್ಸ್‌ವ್ಯಾಗನ್ 2015ರಲ್ಲಿ ಡೀಸೆಲ್ ಹೊಗೆ ಪರೀಕ್ಷೆಯ ವಂಚನೆಯಲ್ಲಿ ಸಿಕ್ಕಿಬಿದ್ದ ಮರುವರ್ಷ ಔಡಿ ಹದಿಮೂರು ಸಲ ಗೆದ್ದ ಲೆ ಮಾನ್ ಬಿಟ್ಟು ವಿದ್ಯುತ್ ಕಾರುಗಳ ಫಾರ್ಮುಲಾ ಇ ಕಡೆ ತಿರುಗಿತು. ನಾಳಿನ ಕ್ರೀಡೆ ಅದೇ ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು. 2021ರಲ್ಲಿ ಔಡಿ ಮತ್ತು ಬಿಎಂಡಬ್ಲ್ಯು ಅಲ್ಲಿಂದಲೂ ಹೊರಟವು. ಸತತ ಎರಡು ಪ್ರಶಸ್ತಿ ಗೆದ್ದ ಮರ್ಸಿಡಿಸ್ 2022ರಲ್ಲಿ ಹೊರಟಿತು. ಔಡಿ ಆಮೇಲೆ 2026ರ ಫಾರ್ಮುಲಾ ಒನ್ ಕಡೆ ಹೊರಳಿತು. ಪ್ರಯೋಗಶಾಲೆಯ ಮಾತು ಸುಳ್ಳಲ್ಲ. ಯಾವ ಪ್ರಯೋಗ ಎಷ್ಟು ದಿನ ಎಂಬುದನ್ನು ಆ ಹೊತ್ತಿಗೆ ಕಂಪನಿ ಮಾರಬೇಕಾದ ಕಾರು ತೀರ್ಮಾನಿಸುತ್ತದೆ, ಅಷ್ಟೆ. ವಿದ್ಯುತ್ ಶಕ್ತಿಯ ಪಾಲು ಹೆಚ್ಚಿಸಿ, ಸುಸ್ಥಿರ ಇಂಧನ ಕಡ್ಡಾಯ ಮಾಡಿ 2026ಕ್ಕೆ ಹೊಸ ಎಂಜಿನ್ ನಿಯಮಗಳು ಸಿದ್ಧವಾದಾಗ, ಹೋಗಿದ್ದ ಹೊಂಡಾ ಕೂಡ ಆಸ್ಟನ್ ಮಾರ್ಟಿನ್ ತಂಡದ ಜತೆ ಮರಳುವುದಾಗಿ 2023ರಲ್ಲಿ ಪ್ರಕಟಿಸಿತು. 1968, 1992, 2008, 2021: ನಾಲ್ಕು ಸಲ ಹೋದವರು ಮತ್ತೆ ಬಂದರೆ ಸಂತೋಷವೇ; ಐದನೆಯ ಸಲ ಹೋಗಲಾರರು ಎಂದು ನಂಬಲು ಕಾರಣವಿಲ್ಲ.

ಕಂಪನಿಗಳನ್ನು ನೆಚ್ಚದಿದ್ದರೆ ಕ್ರೀಡೆ ಉಳಿಯುವುದು ಹೇಗೆ ಎಂದು ಕೇಳುವವರೂ ಇದ್ದಾರೆ. ಸ್ವತಂತ್ರ ತಂಡಗಳೇನು ಗಟ್ಟಿಯೇ? ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಕಟ್ಟಿದ ಫೋರ್ಸ್ ಇಂಡಿಯಾ 2016 ಮತ್ತು 2017ರಲ್ಲಿ ನಾಲ್ಕನೇ ಸ್ಥಾನಕ್ಕೇರಿದರೂ 2018ರಲ್ಲಿ ದಿವಾಳಿಯ ಅಂಚಿಗೆ ಬಂದದ್ದು ನಿಜ. ಆದರೆ ಆ ತಂಡ ಸಾಯಲಿಲ್ಲ. ಮಾಲೀಕರು ಬದಲಾದರು, ಹೆಸರು ಬದಲಾಯಿತು, ಸಿಲ್ವರ್‌ಸ್ಟೋನ್ ಬಳಿಯ ಕೆಲಸ ಮುಂದುವರಿಯಿತು. ಹೊಂಡಾ 2026ಕ್ಕೆ ಕೈಜೋಡಿಸಿದ ಆಸ್ಟನ್ ಮಾರ್ಟಿನ್ ಎಂದರೆ ಅದೇ ತಂಡ. ಇನ್ನು ಎಂಜಿನ್‌ನ ಮಾತು. 1967ರಲ್ಲಿ ಫೋರ್ಡ್ ಹಣ ಕೊಟ್ಟು ಕಾಸ್‌ವರ್ತ್ ಎಂಬ ಎಂಜಿನ್ ತಯಾರಕರಿಂದ ಮಾಡಿಸಿದ ಡಿಎಫ್‌ವಿ ಎಂಜಿನನ್ನು ಸಣ್ಣ ತಂಡವೂ ಕೊಳ್ಳಬಹುದಿತ್ತು. 1983ರವರೆಗೆ ಅದು 155 ರೇಸ್ ಗೆದ್ದಿತು. ಕಂಪನಿಯ ಹಣವನ್ನು ಕ್ರೀಡೆ ಬಳಸಿಕೊಂಡು, ಕಂಪನಿಯ ಮರ್ಜಿಗೆ ಸಿಲುಕದೆ ಬೆಳೆದ ಕಾಲ ಅದು. 1950ರಿಂದ ಒಂದು ಋತುವನ್ನೂ ತಪ್ಪಿಸದ ಫೆರಾರಿಯನ್ನು ನನ್ನ ವಾದಕ್ಕೆ ಎದುರಾಗಿ ತೋರಿಸಬಹುದು. ಆದರೆ ರಸ್ತೆಗೆ ಕಾರು ಮಾಡಿ ಮಾರುವುದನ್ನು ಎನ್ಜೊ ಫೆರಾರಿ ಆರಂಭಿಸಿದ್ದೇ ರೇಸ್ ತಂಡವನ್ನು ಸಾಕಲು. ಅಲ್ಲಿ ಸಾಧನ ಕಾರು, ಗುರಿ ರೇಸ್. ಉಳಿದ ಕಂಪನಿಗಳಲ್ಲಿ ಇದು ತಿರುವುಮುರುವು.

ಹೀಗಿರುವಾಗ ಮಾಡಬೇಕಾದ್ದು ಸ್ಪಷ್ಟ. 2021ರಿಂದ ಜಾರಿಯಾದ, ಆರಂಭದಲ್ಲಿ 14.5 ಕೋಟಿ ಡಾಲರ್‌ಗೆ ನಿಗದಿಯಾದ ವೆಚ್ಚ ಮಿತಿ ಸರಿಯಾದ ಹೆಜ್ಜೆ. ಕಂಪನಿಯ ನೆರಳಿಲ್ಲದ ತಂಡವೂ ತಲೆಯೆತ್ತಿ ನಿಲ್ಲಲು ಅದು ನೆರವಾಗುತ್ತದೆ. ಯಾರು ಹೋದರೂ ಉಳಿದ ತಂಡಗಳಿಗೆ ಕೈಗೆಟಕುವ ದರದಲ್ಲಿ ಎಂಜಿನ್ ಸಿಗಬೇಕು. ಹೊರಡುವ ಕಂಪನಿ ಕನಿಷ್ಠ ಒಂದು ಪೂರ್ತಿ ಋತುವಿನ ನೋಟಿಸ್ ಕೊಡಬೇಕು. ತಂಡವನ್ನೂ ಕಾರ್ಖಾನೆಯನ್ನೂ ವಿನ್ಯಾಸಗಳನ್ನೂ ಬಿಡಿಬಿಡಿಯಾಗಿಸದೆ ಒಟ್ಟಾಗಿ ಮುಂದಿನವರಿಗೆ ಒಪ್ಪಿಸುವುದು ಪ್ರವೇಶದ ಷರತ್ತಾಗಬೇಕು. ಇಷ್ಟು ಬಿಗಿ ಮಾಡಿದರೆ ಕಂಪನಿಗಳು ಬರುವುದೇ ಇಲ್ಲ ಎಂಬ ಭಯ ಬೇಡ. ವೆಚ್ಚ ಮಿತಿ ಬಂದ ಮೇಲೆಯೇ ಔಡಿ ಬಂದದ್ದು, ಫೋರ್ಡ್ ಮತ್ತು ಹೊಂಡಾ ಮರಳಲು ಒಪ್ಪಿದ್ದು. 1977ರಲ್ಲಿ ಟರ್ಬೊ ಎಂಜಿನನ್ನು ಫಾರ್ಮುಲಾ ಒನ್‌ಗೆ ತಂದ ರೆನೊ, 2025ರ ಬಳಿಕ ಅಲ್ಲಿ ಎಂಜಿನ್ ಮಾಡುವುದನ್ನೇ ನಿಲ್ಲಿಸುವುದಾಗಿ 2024ರಲ್ಲಿ ಹೇಳಿದಾಗ, ಫ್ರಾನ್ಸಿನ ವೀರಿ ಷಾಟಿಯೋಂ ಕಾರ್ಖಾನೆಯ ಕೆಲಸಗಾರರು ಬಹಿರಂಗವಾಗಿ ಪ್ರತಿಭಟಿಸಿದರು. ದಶಕಗಳ ಜಾಣ್ಮೆ ಸೇರಿಕೊಂಡಿರುವುದು ಅಂಥವರ ಕೈಗಳಲ್ಲಿ. ಲಾಂಛನಗಳು ಬರುತ್ತವೆ, ಹೋಗುತ್ತವೆ. ಕ್ರೀಡೆಯ ನಿಯಮಗಳು ಮೊದಲು ಕಾಯಬೇಕಾದ್ದು ಈ ಕೆಲಸಗಾರರನ್ನು.