ರೇಜರ್ ಗಾಯ ತಡೆಯುತ್ತದೆ, ಉರಿಯನ್ನಲ್ಲ

ಎರಡಲಗಿನ ಶೇವಿಂಗ್ ಬ್ಲೇಡಿನ ದಪ್ಪ 0.1 ಮಿಲಿಮೀಟರು. ಬೆರಳಲ್ಲಿ ಒತ್ತಿದರೆ ಬಾಗಿಬಿಡುವ ಈ ಉಕ್ಕಿನ ತಗಡು ಗಡ್ಡದ ಕೂದಲನ್ನು ಕತ್ತರಿಸಬೇಕಾದರೆ ಮೊದಲು ಅಲುಗಾಡದೆ ನಿಲ್ಲಬೇಕು. ರೇಜರಿನ ತಲೆ ಮಾಡುವ ಮೊದಲ ಕೆಲಸ ಅದು. ಮುಚ್ಚಳಕ್ಕೂ ಅಡಿತಟ್ಟೆಗೂ ನಡುವೆ ಬ್ಲೇಡನ್ನಿಟ್ಟು ಹಿಡಿಯನ್ನು ತಿರುಗಿಸಿ ಬಿಗಿದರೆ ಬ್ಲೇಡು ತುಸು ಬಾಗಿ ಕೂರುತ್ತದೆ. ಕಾಗದದ ಹಾಳೆಯನ್ನು ಒಂದು ತುದಿಯಲ್ಲಿ ಹಿಡಿದರೆ ಜೋತುಬೀಳುತ್ತದೆ, ಉದ್ದಕ್ಕೆ ಸ್ವಲ್ಪ ಬಾಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆಯಲ್ಲವೇ? ಬ್ಲೇಡಿಗೆ ಬಿಗುವು ಬರುವುದೂ ಹಾಗೆಯೇ.

ಎರಡನೆಯ ಕೆಲಸ, ಅಲಗು ಚರ್ಮದೊಳಕ್ಕೆ ಇಳಿಯದಂತೆ ನೋಡಿಕೊಳ್ಳುವುದು. ಅದಕ್ಕಾಗಿ ಅಲಗು ಕೂದಲೆಳೆಯಷ್ಟೇ ಹೊರಚಾಚುವಂತೆ ಅದರ ಕೆಳಗೆ ಒಂದು ತಡೆಪಟ್ಟಿ ಇರುತ್ತದೆ. ಈ ಯೋಚನೆ ಹಳೆಯದು. ಹದಿನೆಂಟನೇ ಶತಮಾನದಲ್ಲೇ ಫ್ರಾನ್ಸಿನ ಚಾಕು ತಯಾರಕ ಜಾನ್ ಜಾಕ್ ಪೆರೆ ಕ್ಷೌರದ ಕತ್ತಿಗೆ ಮರದ ತಡೆ ಜೋಡಿಸುವುದನ್ನು ಹೇಳಿದ್ದ. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸೋದರರು ತಡೆಯಿರುವ ರೇಜರಿಗೆ ಪೇಟೆಂಟ್ ಪಡೆದರು. ಆದರೆ ಅದರ ಅಲಗನ್ನು ಮತ್ತೆ ಮತ್ತೆ ಮಸೆಯಬೇಕಿತ್ತು. ಮಸೆಯುವ ಗೋಜೇ ಬೇಡ, ತೆಳು ತಗಡನ್ನು ಬಳಸಿ ಎಸೆಯೋಣ ಎಂದು ಹೊರಟವನು ಕಿಂಗ್ ಕ್ಯಾಂಪ್ ಜಿಲೆಟ್. ಅಷ್ಟು ತೆಳುವಾದ ಉಕ್ಕನ್ನು ಸೊಟ್ಟಗಾಗದಂತೆ ಗಡಸುಗೊಳಿಸುವುದು ಆಗದ ಮಾತು ಎಂದು ಬಲ್ಲವರು ಹೇಳುತ್ತಿದ್ದ ಕಾಲದಲ್ಲಿ ವಿಲಿಯಂ ನಿಕರ್‌ಸನ್ ಎಂಬ ಇಂಜಿನಿಯರ್ ಅದನ್ನು ಸಾಧಿಸಿ ತೋರಿಸಿದ. ಮಾರಾಟದ ಮೊದಲ ವರ್ಷ 1903ರಲ್ಲಿ ಹೋದದ್ದು ಬರೀ 51 ರೇಜರು. ಈ ಕಥೆಯಲ್ಲಿ ಜಿಲೆಟ್ ಹೆಸರು ಉಳಿಯಿತು. ನನ್ನ ಮಟ್ಟಿಗೆ ನಿಕರ್‌ಸನ್ನನ ಕೆಲಸವೇ ದೊಡ್ಡದು.

ಇಷ್ಟೆಲ್ಲ ತಡೆ ಇದ್ದೂ ಹೊಸದಾಗಿ ಕಲಿಯುವವರ ಕುತ್ತಿಗೆ ಏಕೆ ಕೆಂಪಾಗಿ ಉರಿಯುತ್ತದೆ? ಚರ್ಮ ಹಲಗೆಯಲ್ಲ. ರೇಜರನ್ನು ಒತ್ತಿದಷ್ಟೂ ಅದು ತಡೆಪಟ್ಟಿಗೂ ಅಲಗಿಗೂ ನಡುವಿನ ಸಂದಿಯಲ್ಲಿ ಉಬ್ಬಿ ಮೇಲೇಳುತ್ತದೆ. ಉಬ್ಬಿದ್ದನ್ನು ಅಲಗು ಕೆರೆದುಕೊಂಡು ಹೋಗುತ್ತದೆ. ಚರ್ಮದ ಅತಿ ಹೊರಗಿನ ಪದರದ ದಪ್ಪ ಸುಮಾರು 10ರಿಂದ 20 ಮೈಕ್ರಾನ್. ಗಡ್ಡದ ಒಂದು ಕೂದಲು ನೂರು ಮೈಕ್ರಾನಿನ ಆಸುಪಾಸು. ಎಂದರೆ, ಕತ್ತರಿಸಬೇಕಾದ ವಸ್ತುವಿಗಿಂತ ಕಾಪಾಡಬೇಕಾದ ಪದರ ಎಷ್ಟೋ ಪಟ್ಟು ತೆಳು. ಒಂದು ಹನಿ ರಕ್ತ ಕಾಣದೆಯೂ ಆ ಪದರ ಅಲ್ಲಲ್ಲಿ ಕಿತ್ತುಹೋಗಬಹುದು. ಆಗ ಒಳಗಿನ ತೇವ ಹೊರಹೋಗುತ್ತದೆ, ಹೊರಗಿನ ಬೆವರು, ಸೋಪು ಒಳಗಿನ ಜೀವಂತ ಪದರಕ್ಕೆ ತಾಗುತ್ತವೆ. ಉರಿ ಎನ್ನುವುದು ಇದೇ.

ಒತ್ತುವ ಚಾಳಿ ಬಂದದ್ದು ಕಾರ್ಟ್ರಿಡ್ಜ್ ರೇಜರಿನಿಂದ. 1971ರಲ್ಲಿ ಜೋಡಿ ಅಲಗಿನ ಕಾರ್ಟ್ರಿಡ್ಜ್ ಮಾರುಕಟ್ಟೆಗೆ ಬಂತು, ಆಮೇಲೆ ಅಲಗುಗಳು ಹೆಚ್ಚಿದವು, ತಲೆಯೂ ಕೆನ್ನೆಯ ಏರಿಳಿತಕ್ಕೆ ತಾನೇ ಓಲಾಡತೊಡಗಿತು. ಕೋನದ ಚಿಂತೆ ಕೈಗೆ ಇರಲಿಲ್ಲ, ಒತ್ತಡ ಹಲವು ಅಲಗುಗಳಿಗೆ ಹಂಚಿಹೋಗುತ್ತಿತ್ತು. ಎರಡಲಗಿನ ರೇಜರಿನ ತಲೆ ಓಲಾಡುವುದಿಲ್ಲ. ಕೋನ ಹಿಡಿಯುವುದು ನಿಮ್ಮ ಮಣಿಕಟ್ಟಿನ ಕೆಲಸ. ಮುಚ್ಚಳವನ್ನು ಕೆನ್ನೆಗೆ ತಾಗಿಸಿ ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿ ಇಡಿ. ಮೆಲ್ಲಗೆ ಹಿಡಿಯನ್ನು ತಗ್ಗಿಸುತ್ತ ಬನ್ನಿ. ಅಲಗು ಕೂದಲನ್ನು ಮುಟ್ಟಿದ ಕ್ಷಣ ನಿಲ್ಲಿಸಿ. ಬ್ಲೇಡಿಗೂ ಚರ್ಮಕ್ಕೂ ಆಗ ಸುಮಾರು 30 ಡಿಗ್ರಿ ಇರುತ್ತದೆ. ಹಿಡಿಯ ತುದಿಯಲ್ಲಿ ಬೆರಳಿಟ್ಟು ರೇಜರಿನ ತೂಕವೇ ಅದನ್ನು ಎಳೆಯುವಂತೆ ಬಿಡಿ, ಒಂದೊಂದು ಎಳೆತ ಎರಡು ಮೂರು ಸೆಂಟಿಮೀಟರು ಸಾಕು.

ಒತ್ತದೆಯೇ ಕೂದಲು ಕತ್ತರಿಸಬೇಕಾದರೆ ಕೂದಲು ಮೆತ್ತಗಿರಬೇಕು. ಕೂದಲಿನ ಕೆರಾಟಿನ್ ಎಳೆಗಳನ್ನು ಬಿಗಿಹಿಡಿದಿರುವ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲಿಸುತ್ತದೆ, ಕೂದಲು ನೀರು ಕುಡಿದು ಉಬ್ಬುತ್ತದೆ. ಇದಕ್ಕೆ ಎರಡು ಮೂರು ನಿಮಿಷ ಬೇಕು, ಬಿಸಿನೀರಾದರೆ ಬೇಗ. ಮುಖದ ಜಿಡ್ಡು ನೀರನ್ನು ತಡೆಯುವುದರಿಂದ ಮೊದಲು ಮುಖ ತೊಳೆಯಬೇಕು. ಸ್ನಾನವಾದ ಮೇಲೆ ಶೇವಿಂಗ್ ಹಗುರವೆನಿಸುವುದು ಇದರಿಂದಲೇ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕೂದಲು ಕತ್ತರಿಸಿ ನೋಡಿದರು. ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೃದುವಾದ ಕೂದಲು, ಬಾಗಿ ಓರೆಯಾಗಿ ಸಿಕ್ಕಾಗ, ಅಲಗಿನ ಅಂಚಿನಿಂದ ಸಣ್ಣ ಚಕ್ಕೆಗಳನ್ನೇ ಎಬ್ಬಿಸುತ್ತದೆ. ಬ್ಲೇಡು ಸವೆದು ಮೊಂಡಾಗುತ್ತದೆ ಎಂದಷ್ಟೇ ತಿಳಿದಿದ್ದೆವು. ಅದು ಮುಕ್ಕಾಗುತ್ತದೆ ಕೂಡ. ಕೂದಲನ್ನು ಜಗ್ಗತೊಡಗಿದ ಬ್ಲೇಡನ್ನು ಆಗಲೇ ತೆಗೆದುಬಿಡಿ. ಕಸದ ಚೀಲಕ್ಕೆ ಹಾಗೇ ಹಾಕಬೇಡಿ, ಪೌರಕಾರ್ಮಿಕರ ಕೈ ಕುಯ್ಯುತ್ತದೆ. ತಗಡಿನ ಡಬ್ಬಿಯಲ್ಲಿ ಕೂಡಿಡಿ.

ನೊರೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಬೇರೆಯೇ ತೊಡಕಿದೆ. ಕೋಲಾರದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಬೋರ್‌ವೆಲ್ ನೀರಿನಲ್ಲಿ ಬ್ರಶ್ ಎಷ್ಟು ತಿರುಗಿಸಿದರೂ ನೊರೆ ದಟ್ಟವಾಗದೆ ಕುಸಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲಗಳೊಡನೆ ಸೇರಿ ಕರಗದ ಗಷ್ಟಾಗುತ್ತವೆ. ನೊರೆಯ ನಿಜವಾದ ಕೆಲಸ ನೀರನ್ನು ಕೂದಲ ಬಳಿ ಹಿಡಿದಿಡುವುದು, ಅಲಗು ಜಾರುವಂತೆ ಮಾಡುವುದು, ಎರಡೂ ಕೆಡುತ್ತವೆ. ನೀರು ಕುದಿಸಿದರೆ ಗಡಸುತನದ ಒಂದು ಭಾಗ ಮಾತ್ರ ಹೋಗುತ್ತದೆ. ಅಡುಗೆಮನೆಯ ಫಿಲ್ಟರಿನಿಂದ ಒಂದು ಲೋಟ ಆರ್‌ಒ ನೀರು, ಇಲ್ಲವೇ ಹಿಡಿದಿಟ್ಟ ಮಳೆನೀರು ತೆಗೆದುಕೊಳ್ಳಿ. ದುಬಾರಿ ಕ್ರೀಮಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ದಿಕ್ಕು. ಗಡ್ಡ ಎಲ್ಲ ಕಡೆ ಮೇಲಿನಿಂದ ಕೆಳಕ್ಕೆ ಬೆಳೆಯುವುದಿಲ್ಲ. ಕುತ್ತಿಗೆಯಲ್ಲಂತೂ ಅಡ್ಡಡ್ಡ ಹೋಗುತ್ತದೆ, ಸುಳಿ ತಿರುಗುತ್ತದೆ. ಒಂದು ದಿನ ಬೆಳೆದ ಗಡ್ಡದ ಮೇಲೆ ಬೆರಳಾಡಿಸಿದರೆ ಯಾವ ಕಡೆಗೆ ನುಣುಪು, ಯಾವ ಕಡೆಗೆ ಒರಟು ಎಂದು ತಿಳಿಯುತ್ತದೆ. ಕಲಿಯುವ ಮೊದಲ ವಾರಗಳಲ್ಲಿ ನುಣುಪಿನ ದಿಕ್ಕಿಗೆ ಒಂದೇ ಸಲ ಎಳೆದು ಬಿಟ್ಟುಬಿಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡನೆಯ ಸಲ ಎಳೆಯಲೇಬೇಕೆಂದರೆ ಹೊಸದಾಗಿ ನೊರೆ ಹಚ್ಚಿ. ನೊರೆ ಹೋದ ಜಾಗದಲ್ಲಿ ಒಣ ಅಲಗು ಆಡಿಸುವಷ್ಟು ಚರ್ಮಕ್ಕೆ ಕೆಟ್ಟದ್ದು ಇನ್ನೊಂದಿಲ್ಲ.

ಗುಂಗುರು ಗಡ್ಡದವರು ಎದುರು ದಿಕ್ಕಿಗೆ ಹೋಗದಿರುವುದೇ ಲೇಸು. ಚರ್ಮವನ್ನು ಜಗ್ಗಿ ಹಿಡಿದು ಎದುರಾಗಿ ಕತ್ತರಿಸಿದಾಗ ಕೂದಲ ಚೂಪು ತುದಿ ಚರ್ಮದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ, ಬೆಳೆಯುವಾಗ ಪಕ್ಕದ ಚರ್ಮವನ್ನೇ ಚುಚ್ಚುತ್ತದೆ. ತನ್ನದೇ ಕೂದಲನ್ನು ಮೈ ಮುಳ್ಳೆಂದು ಬಗೆದು ಗುಳ್ಳೆ ಎಬ್ಬಿಸುತ್ತದೆ. ಕಂದು ಚರ್ಮದಲ್ಲಿ ಗುಳ್ಳೆ ಹೋದರೂ ಕಪ್ಪು ಕಲೆ ಬಹುಕಾಲ ನಿಲ್ಲುತ್ತದೆ. ಹೀಗಾದವರು ಕೆಲವು ವಾರ ಬ್ಲೇಡು ಬಿಟ್ಟು, ಒಂದು ಮಿಲಿಮೀಟರು ಉಳಿಸುವ ಟ್ರಿಮ್ಮರ್ ಬಳಸಬೇಕು. ಕೀವು ಕಂಡರೆ ಚರ್ಮವೈದ್ಯರ ಬಳಿ ಹೋಗಬೇಕು.

ಕೊನೆಗೆ ತಣ್ಣೀರು, ಆಮೇಲೆ ಪಟಿಕ. ಕ್ಷೌರದಂಗಡಿಯ ಆ ಬಿಳಿ ಕಲ್ಲು ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್. ಅದು ಗಾಯದ ಬಾಯಲ್ಲಿ ಪ್ರೋಟೀನನ್ನು ಹೆಪ್ಪುಗಟ್ಟಿಸಿ ರಕ್ತ ನಿಲ್ಲಿಸುತ್ತದೆ. ಒಬ್ಬರ ಮುಖಕ್ಕೆ ತಿಕ್ಕಿದ್ದನ್ನು ಇನ್ನೊಬ್ಬರಿಗೆ ತಿಕ್ಕಬಾರದು, ಮನೆಯಲ್ಲೂ ಅಷ್ಟೇ. ಒದ್ದೆ ಮುಖದ ಮೇಲೆ ಹಗುರವಾಗಿ ಆಡಿಸಿ, ತೊಳೆದು, ಸ್ಪಿರಿಟ್ ಇಲ್ಲದ ಕ್ರೀಮು ಹಚ್ಚಿ. ಪಟಿಕ ಚುರುಕ್ಕೆಂದ ಜಾಗವನ್ನು ಗುರುತಿಟ್ಟುಕೊಳ್ಳಿ: ಹೊರಪದರ ಕಿತ್ತದ್ದು ಅಲ್ಲೇ, ಕೈ ಒತ್ತಿದ್ದೋ ಕೋನ ತಪ್ಪಿದ್ದೋ ಅಲ್ಲೇ. ಹೆಚ್ಚಿನವರಿಗೆ ಅದು ದವಡೆಯ ಮೂಲೆ, ಇಲ್ಲವೇ ಗಂಟಲುಬ್ಬಿನ ಎರಡು ಬದಿ.