ನಿಮಗಿದು ಗೊತ್ತೇ? ಗಿರಾಕಿಗೆ ಯಾವ ಲೇಬಲ್ ಇಷ್ಟ?

ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವವರು ನೀವು ಎಂದುಕೊಳ್ಳಿ. ಹೊಸ ಬಾಟಲಿಗೆ ಎರಡು ಲೇಬಲ್ ಮಾಡಿಸಿ 20 ಜನರಿಗೆ ತೋರಿಸಿದಿರಿ. 12 ಮಂದಿ ಕೆಂಪು ಎಂದರು, 8 ಮಂದಿ ಹಸಿರು. ಕೆಂಪು ಗೆದ್ದಿತೇ? ಇಲ್ಲ. ನಾಣ್ಯವನ್ನು 20 ಸಲ ಚಿಮ್ಮಿದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಎರಡಕ್ಕೊಂದು ಸಲ ಬಂದೇ ಬರುತ್ತದೆ. 20ರಲ್ಲಿ 15 ಮಂದಿಯಾದರೂ ಒಂದೇ ಕಡೆ ವಾಲಿದರೆ ಆ ಮಾತಿಗೆ ತೂಕ. 100 ಜನರನ್ನು ಕೇಳಿದ್ದರೆ 61 ಸಾಕು.

ತಲೆ ಎಣಿಕೆ ದೊಡ್ಡದಾದ ಮಾತ್ರಕ್ಕೆ ಉತ್ತರ ಸರಿಯಾಗುವುದಿಲ್ಲ. 1936ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಮುಂಚೆ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಅಂಚೆಯಲ್ಲಿ ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು, ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಆದರೆ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡರು. ಪತ್ರಿಕೆ ವಿಳಾಸ ಹೆಕ್ಕಿದ್ದು ಹೆಚ್ಚಾಗಿ ಟೆಲಿಫೋನ್, ಕಾರು ಇದ್ದವರ ಪಟ್ಟಿಗಳಿಂದ, ಅಂದರೆ ಒಂದೇ ಬಗೆಯ ಜನರಿಂದ. ನಿಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ನಡೆಯುವ ಸಮೀಕ್ಷೆಯೂ ಇದೇ ಜಾತಿಯದು!

ಎದುರಿಗಿಟ್ಟ ವಸ್ತುಗಳೆಲ್ಲ ಒಂದೇ ಆಗಿದ್ದರೂ ಜನ ಆರಿಸುತ್ತಾರೆ ಎಂಬುದು ಗೊತ್ತೇ? ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಅಂಗಡಿಯ ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟು, ಯಾವುದರ ಗುಣಮಟ್ಟ ಚೆನ್ನ ಎಂದು ಗಿರಾಕಿಗಳನ್ನು ಕೇಳಿದರು. ಎಡತುದಿಯದಕ್ಕೆ ಶೇ. 12 ಮತ, ಪಕ್ಕದ್ದಕ್ಕೆ 17, ಅದರಾಚೆಯದಕ್ಕೆ 31, ಬಲತುದಿಯದಕ್ಕೆ 40. ನಾಲ್ಕೂ ಒಂದೇ ಮಾಲು! ‘ಇಟ್ಟ ಜಾಗ ನೋಡಿ ಆರಿಸಿದಿರಾ’ ಎಂದು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಇಲ್ಲವೆಂದರು. ಕೇಳಿದವರಿಗೇ ತಲೆ ಸರಿಯಿಲ್ಲವೇನೋ ಎಂಬಂತೆ ನೋಡಿದರಂತೆ. ಹಾಗಾಗಿ ಅರ್ಧ ಜನರಿಗೆ ಕೆಂಪು ಲೇಬಲ್ ಎಡಕ್ಕಿಡಿ, ಉಳಿದರ್ಧಕ್ಕೆ ಬಲಕ್ಕಿಡಿ. ಖರ್ಚಿಲ್ಲದ ಕೆಲಸ, ಆದರೂ ಮಾಡುವವರು ಕಡಿಮೆ.

ಇನ್ನು ರುಚಿಯ ಮಾತು. ಉಪ್ಪಿನಕಾಯಿಯ ಎಣ್ಣೆ ಬದಲಿಸಿದ್ದು ಗಿರಾಕಿಗೆ ಗೊತ್ತಾಗುತ್ತದೆಯೇ? ಇದಕ್ಕೆ ‘ತ್ರಿಕೋನ ಪರೀಕ್ಷೆ’ ಇದೆ. ಮೂರು ಬಟ್ಟಲು, ಎರಡರಲ್ಲಿ ಒಂದೇ ಉಪ್ಪಿನಕಾಯಿ, ಒಂದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಬರೀ ಊಹೆಯಲ್ಲೇ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಸರಿ ಹೇಳಿದವರು ಅದಕ್ಕಿಂತ ಬಹಳ ಹೆಚ್ಚಿದ್ದರೆ ವ್ಯತ್ಯಾಸ ನಾಲಿಗೆಗೆ ತಿಳಿಯುತ್ತಿದೆ ಎಂದರ್ಥ.

ಸುಮಾರು ಎರಡು ಲಕ್ಷ ಜನ ರುಚಿ ನೋಡಿದ ಮೇಲೂ ಕೋಕಾ-ಕೋಲಾ ಎಡವಿತು. ಹೆಸರು ಮುಚ್ಚಿಟ್ಟು ಕುಡಿಸಿದಾಗ ಹೆಚ್ಚು ಮಂದಿಗೆ ಹೊಸ, ಸಿಹಿಯಾದ ಪಾಕವೇ ಹಿಡಿಸಿತ್ತು. 1985ರ ಏಪ್ರಿಲ್ 23ರಂದು ‘ನ್ಯೂ ಕೋಕ್’ ಬಂತು, ಹಳೆಯದನ್ನು ನಿಲ್ಲಿಸಿದರು. ಜನ ರೊಚ್ಚಿಗೆದ್ದರು, ಕಂಪನಿಗೆ ದಿನಕ್ಕೆ ಸಾವಿರಾರು ಕರೆಗಳು. ಜುಲೈನಲ್ಲಿ ಹಳೆಯದು ‘ಕ್ಲಾಸಿಕ್’ ಎಂಬ ಹೆಸರು ಹೊತ್ತು ಮರಳಿತು. ಒಂದು ಗುಟುಕಿಗೆ ಹಿತವಾದ ಸಿಹಿ ಇಡೀ ಬಾಟಲಿಗೆ ಹಿತವಾಗಬೇಕೆಂದಿಲ್ಲ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ: ‘ಇದು ಬಂದರೆ ಹಳೆಯದು ಸಿಗುವುದಿಲ್ಲ, ಒಪ್ಪಿಗೆಯೇ’ ಎಂದು ರುಚಿ ನೋಡಿದವರನ್ನು ಯಾರೂ ಕೇಳಿರಲಿಲ್ಲ.

ರುಚಿ ಮುಟ್ಟದೆ ಡಬ್ಬಿ ಬದಲಿಸಿದರೂ ಪೆಟ್ಟು ಬೀಳಬಹುದು. 2009ರ ಜನವರಿಯಲ್ಲಿ ಟ್ರಾಪಿಕಾನಾ ಅಮೆರಿಕದಲ್ಲಿ ತನ್ನ ಕಿತ್ತಳೆ ರಸದ ಪೆಟ್ಟಿಗೆಯ ಚಿತ್ರ ಬದಲಿಸಿತು. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ. 20 ಕುಸಿದು, ಹಳೆಯ ಪೆಟ್ಟಿಗೆಗೇ ಮರಳಬೇಕಾಯಿತು. ಲೇಬಲ್ ಒಂದನ್ನೇ ಕೈಯಲ್ಲಿ ಹಿಡಿದು ‘ಚೆನ್ನಾಗಿದೆಯಾ’ ಎನ್ನಬೇಡಿ. ಹತ್ತು ಬೇರೆ ಬಾಟಲಿಗಳ ನಡುವೆ ಇಟ್ಟು ‘ನಮ್ಮದು ಹುಡುಕಿಕೊಡಿ’ ಎನ್ನಿ, ಎಷ್ಟು ಹೊತ್ತು ಹಿಡಿಯಿತೆಂದು ನೋಡಿ.

ಗಿರಾಕಿಗೆ ಯಾವ ಅಂಶ ಮುಖ್ಯ ಎಂದು ತಿಳಿಯಲು ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ 1984ರಲ್ಲಿ ಕೊಟ್ಟ ಉಪಾಯ ಸಣ್ಣ ಉದ್ಯಮಕ್ಕೂ ಒಗ್ಗುತ್ತದೆ. ಪ್ರತಿ ಅಂಶಕ್ಕೂ ಎರಡು ಪ್ರಶ್ನೆ: ‘ಮುಚ್ಚಳಕ್ಕೆ ಸೀಲ್ ಇದ್ದರೆ ಏನನ್ನಿಸುತ್ತದೆ? ಇಲ್ಲದಿದ್ದರೆ?’ ಇದ್ದರೆ ಯಾರೂ ಹೊಗಳದ, ಇಲ್ಲದಿದ್ದರೆ ಎಲ್ಲರೂ ಬೈಯುವ ಅಂಶ ಬಿಡುವಂಥದ್ದಲ್ಲ.

ಆಹಾರಕ್ಕೆ 9 ಮೆಟ್ಟಿಲುಗಳಲ್ಲಿ ಅಂಕ ಕೊಡುವ ಪದ್ಧತಿ ಹುಟ್ಟಿದ್ದು ಅಮೆರಿಕದ ಸೈನಿಕರ ಊಟಕ್ಕಾಗಿ. ನಮ್ಮಲ್ಲಿ ಇಂಥ ರುಚಿಪರೀಕ್ಷೆಯ ಶಾಸ್ತ್ರ ಬೆಳೆದ ಜಾಗಗಳಲ್ಲಿ 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮುಖ್ಯವಾದದ್ದು.

ನನ್ನ ತೀರ್ಪು ಕೇಳಿದರೆ, ಪುಕ್ಕಟೆ ಹೊಗಳಿಕೆಗಿಂತ ಕೊಟ್ಟ ಕಾಸು ನಿಜ ಹೇಳುತ್ತದೆ. ಮುಂದಿನ ಸಂತೆಗೆ ಎರಡೂ ಲೇಬಲ್‌ನ ಐವತ್ತೈವತ್ತು ಬಾಟಲಿ ಒಯ್ಯಿರಿ. ಬೆಲೆ ಒಂದೇ ಇರಲಿ, ಗಂಟೆಗೊಮ್ಮೆ ಜಾಗ ಅದಲುಬದಲು ಮಾಡಿ, ಸಂಜೆ ಉಳಿದದ್ದನ್ನು ಎಣಿಸಿ. ಪ್ರೆಸ್‌ಗೆ ಐದು ಸಾವಿರ ಲೇಬಲ್ ಆರ್ಡರ್ ಕೊಡುವುದು ಅದಾದ ಮೇಲೆ.